ಕಣ್ಣಕ್ಕನ ಹತ್ತು ನಿಮಿಷ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಅನುಭವಸ್ಥ. ಚಿಕ್ಕಪ್ಪನ ಮಗನ ದಟ್ಟ ಕೂದಲು, ಪಕ್ಕದ ಮನೆಯವನ ಸ್ಕೂಟರು, ಜೊತೆಯಲ್ಲಿ ಓದಿದವನ ಮದುವೆ ಫೋಟೊ, ಒಂದೊಂದಕ್ಕೂ ಅದರ ಯೋಗ್ಯತೆಗೆ ತಕ್ಕಷ್ಟು ಉರಿದುಕೊಂಡು ಬಂದವನು. ಆದರೆ ನನ್ನ ಕೈಕೆಳಗೆ ಕೆಲಸ ಮಾಡುವ, ನನಗಿಂತ ಕಡಿಮೆ ಸಂಬಳದ, ನನ್ನನ್ನು ‘ಸಾರ್’ ಎನ್ನುವ ಒಬ್ಬ ಹೆಂಗಸಿನ ಮೇಲೆ ಉರಿದುಕೊಳ್ಳುವ ಮಟ್ಟಕ್ಕೆ ಇಳಿಯುತ್ತೇನೆ ಎಂದುಕೊಂಡಿರಲಿಲ್ಲ. ಇಳಿದೆ. ಇಳಿದದ್ದಷ್ಟೇ ಅಲ್ಲ, ಅಲ್ಲೇ ತಿಂಗಳುಗಟ್ಟಲೆ ಬಿಡಾರ ಹೂಡಿದೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಬಿಳಿ ಬಟ್ಟೆ ಥಾನುಗಟ್ಟಲೆ ಬರುತ್ತದೆ, ಅದರ ಜೊತೆಗೆ ಅಂಗೈಯಗಲದ ಒಂದು ಬಣ್ಣದ ತುಂಡು ಬರುತ್ತದೆ. ಈ ತುಂಡಿನ ಬಣ್ಣವೇ ಆ ಅಷ್ಟೂ ಬಟ್ಟೆಗೆ ಬರಬೇಕು ಎನ್ನುವುದು ಗಿರಾಕಿಯ ಕರಾರು. ಕೆಳಗಿನ ದೊಡ್ಡ ತೊಟ್ಟಿಗಳಿಗೆ ಬಟ್ಟೆ ಇಳಿಯುವ ಮುಂಚೆ, ಮೇಲಿನ ಶೇಡ್ ರೂಮಿನಲ್ಲಿ ಪುಟ್ಟ ಪಾತ್ರೆಗಳಲ್ಲಿ ಚೂರು ಬಟ್ಟೆ ಕುದಿಸಿ, ಒಣಗಿಸಿ, ಗಿರಾಕಿಯ ತುಂಡಿನ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಕೂಡಿದರೆ ಆ ಕೋಣೆಯ ಮುಖ್ಯಸ್ಥರಾದ ಮಾಸ್ಟರು ಒಪ್ಪಿಗೆಯ ಸ್ಲಿಪ್ಪಿಗೆ ಸಹಿ ಹಾಕುತ್ತಾರೆ. ಕೂಡದಿದ್ದರೆ ನೀಲಿಯನ್ನೋ ಹಳದಿಯನ್ನೋ ಚಿಟಿಕೆಯಷ್ಟು ಹೆಚ್ಚುಕಡಿಮೆ ಮಾಡಿ ಮತ್ತೆ ಕುದಿಸಬೇಕು. ಸಹಿ ಬಿದ್ದ ಮೇಲೆ ಕೆಳಗಿನವರು ಯಾರೂ ಪ್ರಶ್ನೆ ಕೇಳುವುದಿಲ್ಲ. ತೊಟ್ಟಿ ತುಂಬಿಸುತ್ತಾರೆ, ಅಷ್ಟೆ.

ಶೇಡ್ ರೂಮಿನಲ್ಲಿ ನಾಲ್ಕು ಮೇಜು, ಒಂದು ಸೂಕ್ಷ್ಮ ತಕ್ಕಡಿ, ತಲೆಯ ಮೇಲೆ ಸಾಲು ಟ್ಯೂಬ್‌ಲೈಟು, ಆರು ಜನ ಹೆಂಗಸರು. ಒಂದು ಗೋಡೆಯುದ್ದಕ್ಕೂ ಕಿಟಕಿಗಳಿವೆ. ಅವುಗಳ ಗಾಜಿಗೆಲ್ಲ ಬಿಳಿ ಪೇಂಟು ಬಳಿದಿದೆ. ಹಿಂದೆ ಯಾವನೋ ಮ್ಯಾನೇಜರನಿಗೆ ಹೆಂಗಸರು ಕೈಕೆಲಸ ಬಿಟ್ಟು ಅಂಗಳ ನೋಡುತ್ತ ನಿಲ್ಲುತ್ತಾರೆ ಎಂಬ ಅನುಮಾನ ಬಂದಿತ್ತಂತೆ. ಆ ಮ್ಯಾನೇಜರ್ ಹೋದ, ಪೇಂಟು ಉಳಿಯಿತು. ಈ ಕೋಣೆಗೆ ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಡಿಪ್ಲೊಮಾ ಸರ್ಟಿಫಿಕೇಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದೆ. ಒಂದೇ ದಿನದಲ್ಲಿ ನನಗೆ ಡಿಪ್ಲೊಮಾ ಎಂದೇ ಹೆಸರಾಯಿತು. ಅದೂ ಗೌರವವಾಗಿ ಅಲ್ಲ. ‘ಡಿಪ್ಲೊಮಾ ಬಂತು’, ‘ಡಿಪ್ಲೊಮಾ ಊಟಕ್ಕೆ ಹೋಯ್ತು’ ಎಂದು, ಮೇಜು ಕುರ್ಚಿಯ ಬಗ್ಗೆ ಹೇಳಿದ ಹಾಗೆ.

ಆ ಆರು ಜನರಲ್ಲಿ ಹಿರಿಯವರು ಕಣ್ಣಕ್ಕ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಕಾಗೆಯ ಕಪ್ಪಿಗೂ ಕೊಡೆಯ ಕಪ್ಪಿಗೂ ನಡುವೆ ಅವರಿಗೆ ಇನ್ನೂ ನಾಲ್ಕು ಕಪ್ಪು ಕಾಣುತ್ತಿದ್ದವು, ಅದಕ್ಕೆ ಆ ಹೆಸರು. ಅವರ ತಾಯಿ ಒಂದು ಲಾಂಡ್ರಿಯ ಮೂಲೆಯಲ್ಲಿ ಕೂತು ಹರಿದ ಬಟ್ಟೆಗೆ ರಫು ಹಾಕುತ್ತಿದ್ದರಂತೆ. ಹರಿದ ಕೋಟಿನ ಬಣ್ಣಕ್ಕೆ ಹೊಂದುವ ಎಳೆಯನ್ನು ದಾರದ ಡಬ್ಬಿಯಿಂದ ಹುಡುಕಿಕೊಡುವುದು ಐದು ವರ್ಷದ ಮಗಳ ಕೆಲಸ. ತಪ್ಪು ಎಳೆ ಕೊಟ್ಟರೆ ತಾಯಿ ಬಯ್ಯುತ್ತಿರಲಿಲ್ಲ, ಹಾಕಿದ ರಫನ್ನೆಲ್ಲ ಬಿಚ್ಚುತ್ತಿದ್ದರು. ‘ಬೈದಿದ್ರೆ ಮರೀತಿದ್ದೆ. ಬಿಚ್ಚೋದನ್ನ ನೋಡ್ತಾ ಕೂರ್ಬೇಕಲ್ಲ, ಅದನ್ನ ಮರೆಯೋಕಾಗಲ್ಲ’ ಎಂದು ಒಮ್ಮೆ ಹೇಳಿದ್ದರು. ಹದಿನೇಳಕ್ಕೆ ಈ ಕಾರ್ಖಾನೆಗೆ ದಾರದ ತುದಿ ಕತ್ತರಿಸಲು ಸೇರಿದರು. ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸಿಕೊಂಡು ಅರ್ಧ ತಿಂಗಳು ಊರ ಹೊರಗೇ ಇರುತ್ತಿದ್ದ. ಇವರು ದಾರ ಕತ್ತರಿಸುವುದರಿಂದ ಶೇಡ್ ರೂಮಿಗೆ ಬಂದು ಹದಿನೆಂಟು ವರ್ಷ ಆಗಿತ್ತು. ರಿಜಿಸ್ಟರಿನಲ್ಲಿ ಬಂದ ದಿನವೂ ಹೆಲ್ಪರ್, ಆಗಲೂ ಹೆಲ್ಪರ್.

ಮಾಸ್ಟರು ಒಳ್ಳೆಯ ಮನುಷ್ಯರು, ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಕ್ಕ ‘ಆಯ್ತು’ ಎಂದ ಸ್ಲಿಪ್ಪಿಗೆ ಅವರು ಸಹಿ ಹಾಕುತ್ತಿದ್ದರು, ‘ಇನ್ನೊಂದ್ಸಲ ಕುದಿಸ್ಬೇಕು’ ಎಂದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರು ನಿವೃತ್ತರಾಗುವ ದಿನ ಬಂತು. ಮಾಸ್ಟರ್ ಕುರ್ಚಿ ಖಾಲಿ. ಆ ಕುರ್ಚಿ ನನಗೇ ಎಂದು ನನಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಆ ಕೋಣೆಯಲ್ಲಿ ಉಳಿದ ಗಂಡಸು ನಾನೊಬ್ಬನೇ. ಆದರೆ ಕಣ್ಣಕ್ಕ ಮಗಳ ಕೈಲಿ ಅಂದವಾಗಿ ಬರೆಸಿದ ಒಂದು ಅರ್ಜಿಯನ್ನು ತಗೊಂಡು ಹೋಗಿ ಮ್ಯಾನೇಜರ್ ಮುಂದೆ ಇಟ್ಟರು. ಹದಿನೆಂಟು ವರ್ಷದಲ್ಲಿ ಅವರು ಕೊಟ್ಟ ಮೊದಲ ಅರ್ಜಿ. ಮಾಸ್ಟರ್ ಹುದ್ದೆ ಬೇಕು, ನನ್ನ ಕೆಲಸಕ್ಕೆ ನನ್ನ ಸಹಿ ಬೇಕು, ಇಷ್ಟೇ ಅದರಲ್ಲಿ ಇದ್ದದ್ದು.

ಮ್ಯಾನೇಜರ್ ನಗಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡವರು. ತೊಟ್ಟಿಗಳ ಹತ್ತಿರ ಹೋಗಿ ಗಂಡಸರ ಮೇಲೆ ಕೂಗಾಡಬೇಕಾಗುತ್ತದಲ್ಲಮ್ಮ ಎಂದು ಸಮಾಧಾನ ಹೇಳಿದರು.

“ಕೂಗಾಡದೆ ಹೇಳಿದ್ರೆ ಅವರಿಗೆ ಕೇಳ್ಸಲ್ವಾ ಸಾರ್?” ಎಂದರು ಕಣ್ಣಕ್ಕ.

ಮ್ಯಾನೇಜರ್ ಮೂರು ತಿಂಗಳು ನೋಡೋಣ ಎಂದರು. ಅಲ್ಲಿಯವರೆಗೆ ಸಹಿ ನನ್ನದು, ಕೆಲಸ ಅವರದು. ಮೂರು ತಿಂಗಳ ಮೇಲೆ ಕುರ್ಚಿ ಯಾರಿಗೆಂದು ಹೇಳುತ್ತೇನೆ ಎಂದರು. ಅಂದಿನಿಂದ ನನ್ನ ನಿದ್ದೆ ಹೋಯಿತು.

ಸಹಿ ಹಾಕುವವನು ನಾನು, ಆದರೆ ಬಟ್ಟೆ ಹಿಡಿದುಕೊಂಡು ಬರುವವರೆಲ್ಲ ನನ್ನ ಮೇಜು ದಾಟಿ ಅವರ ಮೇಜಿಗೆ ಹೋಗುತ್ತಿದ್ದರು. ನಾನೇನೋ ಕಂಬ ಎನ್ನುವ ಹಾಗೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಸ್ವತಃ ಮ್ಯಾನೇಜರ್ ನನ್ನ ಸಹಿ ನೋಡಿ, “ಸರಿ, ಕಣ್ಣಕ್ಕ ನೋಡಿದಾರಾ?” ಎನ್ನುತ್ತಿದ್ದರು. ಹುದ್ದೆ ಕೊಡುವುದಕ್ಕೆ ಆಗದ ಆ ಕಣ್ಣನ್ನು ನಂಬುವುದಕ್ಕೆ ಮಾತ್ರ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆಗ ನನಗೆ ಹೀಗೆಲ್ಲ ಹೊಳೆಯುತ್ತಿರಲಿಲ್ಲ. 

ನಾನು ನನ್ನ ಕಣ್ಣಿನ ಮೇಲೆ ಕೆಲಸ ಶುರುಮಾಡಿದೆ. ಅಮ್ಮ ದಿನಾ ಎರಡು ಕ್ಯಾರೆಟ್ ತುರಿದು ಕೊಡುತ್ತಿದ್ದಳು. ‘ಆಫೀಸರ್ ಆಗೋ ಮಗ’ ಎಂದು ಪಕ್ಕದ ಮನೆಯವರಿಗೂ ಹೇಳಿಯಾಗಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, ಬೆಳಕು ಬಿಟ್ಟು, ನಿಮ್ಮ ಕಣ್ಣು ಬಹಳ ಚೆನ್ನಾಗಿದೆ ಎಂದು ಸಂತೋಷದಿಂದ ಹೇಳಿದರು.  ಕಣ್ಣಲ್ಲಿ ಏನಾದರೂ ದೋಷ ಇದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

ಆಮೇಲೆ ಅವರನ್ನು ಗಮನಿಸತೊಡಗಿದೆ. ಗಮನಿಸುವುದೆಂದರೆ, ಬೆಕ್ಕು ಹಾಲಿನ ಪಾತ್ರೆಯನ್ನು ಗಮನಿಸುವ ಹಾಗೆ. ಒಂದು ವಾರದಲ್ಲಿ ಒಂದು ಸಂಗತಿ ಕೈಗೆ ಸಿಕ್ಕಿತು. ಕಣ್ಣಕ್ಕ ಯಾವ ಶೇಡನ್ನೂ ನೋಡಿದ ಕೂಡಲೇ ‘ಆಯ್ತು’ ಎನ್ನುತ್ತಿರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, ನಾಲ್ಕೈದು ಶೇಡ್ ಒಟ್ಟಾದ ಮೇಲೆ ‘ಇರಿ ಸಾರ್, ಬಂದೆ’ ಎಂದು ಟೋಕನ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದರು. ಬಂದು ಹೇಳುತ್ತಿದ್ದರು: ಹಳದಿ ಒಂದು ಚೂರು ಜಾಸ್ತಿ ಆಗಿದೆ.

ಟೋಕನ್ ಅಂದರೆ ಏನೆಂದು ಹೇಳಬೇಕು. ಗಂಡಸರಿಗೆ ಶೌಚಾಲಯ ಮಹಡಿಯ ತುದಿಯಲ್ಲೇ ಇತ್ತು, ಕುರ್ಚಿಯಿಂದ ಎದ್ದರೆ ಇಪ್ಪತ್ತು ಹೆಜ್ಜೆ. ಹೆಂಗಸರಿಗೆ ಮೆಟ್ಟಿಲಿಳಿದು, ಅಂಗಳ ದಾಟಿ, ನೀರಿನ ಟ್ಯಾಂಕಿನ ಹಿಂದೆ, ಹಳೆಯ ಗೋದಾಮಿನ ಪಕ್ಕ. ಶೇಡ್ ರೂಮು ಮತ್ತು ಪ್ಯಾಕಿಂಗ್ ಸೇರಿ ಮೂವತ್ತು ಹೆಂಗಸರಿಗೆ ಎರಡೇ ಟೋಕನ್. ಮೆಟ್ಟಿಲ ಬಾಯಲ್ಲಿ ಕೂತ ವಾಚ್‌ಮನ್ ಟೋಕನ್ ಕೊಟ್ಟು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದ. ಒಬ್ಬರಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ನಿಮಿಷ. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು, ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರ್ ಇದೆ ಎಂದು ಗೊತ್ತಿರುವ ಹಾಗೆ. ಅದರ ಬಗ್ಗೆ ಯೋಚನೆ ಮಾಡಿದ್ದು ಮಾತ್ರ ಆ ವಾರವೇ, ಅದೂ ಬೇರೆ ಕಾರಣಕ್ಕೆ.

ನನ್ನ ಲೆಕ್ಕಾಚಾರ ಹೀಗಿತ್ತು: ಈಕೆ ಆ ಕಡೆ ಏನನ್ನೋ ಬಚ್ಚಿಟ್ಟಿದ್ದಾಳೆ. ಬಹುಶಃ ಹಳೇ ಮಾಸ್ಟರರ ಬಣ್ಣದ ಲೆಕ್ಕದ ಪುಸ್ತಕ. ಗಂಡಸರು ಕಾಲಿಡದ ಜಾಗ, ಅದಕ್ಕಿಂತ ಭದ್ರವಾದ ಕಪಾಟು ಬೇಕೆ? ಹೋಗಿ, ಪುಸ್ತಕ ತೆರೆದು ನೋಡಿ, ಬಂದು ನನ್ನ ಮುಂದೆ ಕಣ್ಣಿನ ಪವಾಡ ತೋರಿಸುತ್ತಾಳೆ. ಈಗ ಬರೆಯುವಾಗ ನನಗೇ ನಾಚಿಕೆ. ಆಗ ಈ ಸಂಶೋಧನೆಯ ಖುಷಿಗೆ ಅಂದಿನ ಕ್ಯಾರೆಟ್ ಕೂಡ ರುಚಿಯಾಗಿತ್ತು.

ಸೋಮವಾರದ ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಯಾರ ಮೇಲೂ ದೂರಲ್ಲ, ಗಮನಕ್ಕೆ ಬಂದದ್ದು ಹೇಳುತ್ತಿದ್ದೇನೆ ಎಂದು ಶುರುಮಾಡಿದೆ. ಅರ್ಜಿ ಹಾಕಿಕೊಂಡಿರುವ ಹೆಲ್ಪರ್ ಟೋಕನ್ ಸಮಯ ಮೀರುತ್ತಾರೆ, ಅದೂ ಶೇಡ್ ಅರ್ಧಕ್ಕೆ ಬಿಟ್ಟು, ಇದರಿಂದ ಸ್ಲಿಪ್ಪು ತಡವಾಗುತ್ತಿದೆ ಎಂದೆ. ವಾಚ್‌ಮನ್ ಪುಸ್ತಕ ತರಿಸಿದರು. ಹನ್ನೊಂದು ನಿಮಿಷ, ಹನ್ನೆರಡು ನಿಮಿಷ, ಒಮ್ಮೆ ಹದಿನಾಲ್ಕು. ಮ್ಯಾನೇಜರ್ ಮುಖ ಅರಳಿತು. ಅರ್ಜಿಯ ಮೂಲೆಯಲ್ಲಿ ‘ಶಿಸ್ತಿನ ಕೊರತೆ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡರು. ಮಾರನೆಯ ದಿನ ಆದೇಶ ಬಂತು: ಶೇಡ್ ರೂಮಿನ ಹೆಂಗಸರಿಗೆ ಟೋಕನ್ ಇನ್ನು ಊಟದ ಹೊತ್ತಿಗೆ ಮತ್ತು ನಾಲ್ಕು ಗಂಟೆಯ ಟೀ ಹೊತ್ತಿಗೆ ಮಾತ್ರ.

ಅದೇ ಹೊತ್ತಿಗೆ ಪ್ಯಾಕಿಂಗಿನವರೂ ಬರುತ್ತಿದ್ದರು. ಎರಡು ಟೋಕನ್, ಮೆಟ್ಟಿಲುದ್ದಕ್ಕೂ ಸಾಲು. ಶೇಡ್ ರೂಮಿನವರು ನೀರು ಕುಡಿಯುವುದನ್ನು ಬಿಟ್ಟರು. ಬೆಳಿಗ್ಗೆ ತಂದ ಬಾಟಲಿ ಸಂಜೆ ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ಅವರಲ್ಲಿ ಚಿಕ್ಕವಳೊಬ್ಬಳು ಉರಿಮೂತ್ರ ಜ್ವರ ಎಂದು ಮೂರು ದಿನ ಬರಲಿಲ್ಲ, ಆ ಮೂರು ದಿನದ ಕೂಲಿ ಹೋಯಿತು.  ಕಣ್ಣಕ್ಕನ ಮಾತು ಕಡಿಮೆಯಾಯಿತು, ನನಗೆ ‘ಸಾರ್’ ಹೇಳುವುದು ಜಾಸ್ತಿಯಾಯಿತು. ನಾನು ಇದನ್ನೆಲ್ಲ ನೋಡಿದೆ. ನೋಡಿ ಇನ್ನೊಂದು ಕಡೆ ಮುಖ ತಿರುಗಿಸುವುದನ್ನೂ ಆದೇಶ ಬಂದ ಎರಡು ವಾರದಲ್ಲೇ ಕಲಿತೆ. ಡಿಪ್ಲೊಮಾದಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಆಗ ಬಂತು ಶಾಲೆಯ ಯೂನಿಫಾರಂ ಬಟ್ಟೆ. ಬೂದು ಬಣ್ಣ, ದೊಡ್ಡ ಆರ್ಡರು. ಅರ್ಧ ಬಟ್ಟೆ ಹೋದ ವರ್ಷವೇ ಹೋಗಿತ್ತು, ಈ ಅರ್ಧ ಅದಕ್ಕೆ ಹೊಂದಬೇಕು. ಮಧ್ಯಾಹ್ನ ಎರಡು ಗಂಟೆಗೆ ಕಣ್ಣಕ್ಕ ಎರಡು ತುಂಡನ್ನೂ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಂತಿದ್ದರು. ನಾನು ಪೆನ್ನಿನ ಕ್ಯಾಪ್ ತೆಗೆದು ಕಾಯುತ್ತಿದ್ದೆ.

“ನಾಲ್ಕು ಗಂಟೆವರೆಗೂ ಇರ್ಲಿ ಸಾರ್,” ಎಂದರು.

“ಯಾಕೆ? ಸರಿ ಇದೆಯಾ ಇಲ್ವಾ?”

“ಸರಿ ಇದೆ ಅಂತ ಕಾಣ್ತದೆ.”

‘ಕಾಣ್ತದೆ’. ಹದಿನೆಂಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ನನಗೆ ಒಳಗೊಳಗೇ ಡೋಲು ಬಡಿದ ಹಾಗಾಯಿತು. ಪುಸ್ತಕ ನೋಡುವುದಕ್ಕೆ ಆಗುತ್ತಿಲ್ಲ, ಅದಕ್ಕೇ ತಡವರಿಸುತ್ತಿದ್ದಾಳೆ. ನಾನು ಎರಡು ತುಂಡನ್ನೂ ಕೈಯಿಂದ ತೆಗೆದುಕೊಂಡು ನೋಡಿದೆ. ನನ್ನ ಬಹಳ ಚೆನ್ನಾಗಿರುವ ಕಣ್ಣಿಗೆ ಎರಡೂ ಒಂದೇ. ಕೆಳಗೆ ತೊಟ್ಟಿ ಕಾಯ್ತಾ ಇದೆ ಅಕ್ಕ, ನಾಲ್ಕು ಗಂಟೆವರೆಗೆ ಯಾರು ಕಾಯ್ತಾರೆ ಎಂದು ಸಹಿ ಜಡಿದೆ. ಅಷ್ಟು ದಪ್ಪ ಸಹಿ ನಾನು ಯಾವತ್ತೂ ಹಾಕಿರಲಿಲ್ಲ.

ಹತ್ತು ದಿನಕ್ಕೆ ಬಟ್ಟೆ ಲಾರಿ ಸಮೇತ ವಾಪಸ್ ಬಂತು. ಟ್ಯೂಬ್‌ಲೈಟಿನ ಕೆಳಗೆ ಬೂದು, ಗಿರಾಕಿಯ ಅಂಗಡಿಯ ಬಾಗಿಲಿಗೆ ತಂದರೆ ಹಸಿರು. ಹಳೇ ಯೂನಿಫಾರಂ ಹಾಕಿದ ಮಕ್ಕಳೂ ಹೊಸದು ಹಾಕಿದ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತರೆ ಎರಡು ಶಾಲೆಯ ಮಕ್ಕಳ ಹಾಗೆ ಕಾಣುತ್ತಾರೆ ಎಂದು ಗಿರಾಕಿ ಫೋನಿನಲ್ಲಿ ಬೈದರಂತೆ. ಶಾಲೆ ತೆರೆಯುವುದರೊಳಗೆ ಸರಿಯಾದ ಬಟ್ಟೆ ಬೇಕು ಎಂದರಂತೆ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಬಯ್ಯುತ್ತಾರೆ ಎಂದುಕೊಂಡು ಹೋದವನಿಗೆ ಕೂರಲು ಕುರ್ಚಿ ಕೊಟ್ಟರು.

“ನೋಡು, ಹೆಲ್ಪರ್ ಸರಿ ಇದೆ ಅಂದ್ಲು, ನಂಬಿ ಸಹಿ ಹಾಕಿದೆ ಅಂತ ಎರಡು ಸಾಲು ಬರ್ಕೊಡು. ಆ ಅರ್ಜಿ ವಿಷಯಾನೂ ಅಲ್ಲಿಗೆ ಮುಗಿಯುತ್ತೆ. ಮುಂದಿನ ತಿಂಗಳಿಂದ ಮಾಸ್ಟರ್ ನೀನೇ.”

ಬಿಳಿ ಹಾಳೆಯೊಂದನ್ನು ಕೈಗೆ ಕೊಟ್ಟರು. ಸಂಜೆಯೊಳಗೆ ಕೊಟ್ಟರೆ ಸಾಕು ಎಂದರು.

ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡು ಶೇಡ್ ರೂಮಿಗೆ ಬಂದೆ. ಬರೆಯುವ ಮುಂಚೆ ಆ ಪುಸ್ತಕವನ್ನು ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಎನ್ನುವುದು ತಲೆಗೆ ಹೊಕ್ಕಿತ್ತು. ಕಣ್ಣಕ್ಕನನ್ನು ಹೊರಗೆ ಕರೆದೆ. ಟೋಕನ್ ಇಲ್ಲ ಎಂದರು. ನಾನಿದೀನಲ್ಲ ಬನ್ನಿ ಎಂದೆ. ವಾಚ್‌ಮನ್ ನನ್ನ ಮುಖ ನೋಡಿ ದಾರಿ ಬಿಟ್ಟ. ಅಂಗಳಕ್ಕೆ ಇಳಿದ ಮೇಲೆ, ನೀವು ಶೇಡ್ ನೋಡೋಕೆ ಎಲ್ಲಿಗೆ ಹೋಗ್ತಿದ್ರಿ ಎಂದು ನೇರವಾಗಿ ಕೇಳಿದೆ.

 ಅವರು ನೀರಿನ ಟ್ಯಾಂಕಿನ ಹಿಂದೆ ನಡೆದರು. ಅಲ್ಲಿ ಪುಸ್ತಕ ಇರಲಿಲ್ಲ. ಎತ್ತರದ ಗೋಡೆ, ಗೋಡೆಯ ನೆರಳು, ಮೇಲೆ ತೆರೆದ ಆಕಾಶ, ಅಷ್ಟೇ ಇದ್ದದ್ದು. ಕಣ್ಣಕ್ಕ ರವಿಕೆಯ ತೋಳಿನ ಮಡಿಕೆಯಿಂದ ಬೂದು ಬಣ್ಣದ ಎರಡು ತುಂಡು, ಗಿರಾಕಿಯದೊಂದು, ವಾಪಸ್ ಬಂದ ಬಟ್ಟೆಯದೊಂದು, ತೆಗೆದು ಆ ನೆರಳಿನ ಬೆಳಕಿಗೆ ಹಿಡಿದರು. ಒಂದು ಒದ್ದೆ ಸ್ಲೇಟಿನ ಬಣ್ಣ. ಇನ್ನೊಂದು ಪಾಚಿ.

ನನಗೂ ಕಂಡಿತು. ಅದೇ ನನಗೆ ತಡೆಯಲಾಗದೆ ಹೋದದ್ದು. ಆ ಬೆಳಕಿನಲ್ಲಿ ಯಾರಿಗೆ ಬೇಕಾದರೂ ಕಾಣುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಯಾವ ಟೋಕನ್ನೂ ಇಲ್ಲದೆ ಟೀ ಕುಡಿಯಲು, ಫೋನಿನಲ್ಲಿ ಹರಟಲು ಇದೇ ಅಂಗಳದಲ್ಲಿ ಓಡಾಡಿದವನು. ಒಂದು ಸಲವೂ ಕೈಯಲ್ಲಿ ಬಟ್ಟೆ ಹಿಡಿದು ಬಂದಿರಲಿಲ್ಲ.

ಇದನ್ನ ಮೊದಲೇ ಹೇಳಬಹುದಿತ್ತಲ್ಲ ಅಕ್ಕ ಎಂದೆ. ಕೇಳಿದ ಮೇಲೆ ನನಗೇ ಅದು ಪೆದ್ದು ಪ್ರಶ್ನೆ ಎನಿಸಿತು.

“ಸೇರಿದ ವರ್ಷವೇ ಕೇಳಿದ್ದೆ. ಹೆಂಗಸ್ರು ಅಂಗಳದಲ್ಲಿ ನಿಲ್ಲೋ ಹಾಗಿಲ್ಲ ಅಂದ್ರು. ಆಮೇಲೆ ಕೇಳ್ಲಿಲ್ಲ. ಕೇಳಿದ್ರೆ ಇರೋ ಹತ್ತು ನಿಮಿಷಾನೂ ಹೋಗುತ್ತಲ್ಲ.” ತುಂಡುಗಳನ್ನು ಮಡಿಚುತ್ತ ಮುಂದುವರಿಸಿದರು. “ಆ ಹತ್ತು ನಿಮಿಷದಲ್ಲಿ ನನಗೆ ಎರಡು ಕೆಲಸ ತಮ್ಮಾ. ಒಂದು ಕಾರ್ಖಾನೇದು, ಒಂದು ನಂದು. ಆ ಕಡೆ ಸಾಲು ಇದ್ರೆ ಕಾರ್ಖಾನೇದು ಮಾಡ್ಕೊಂಡು ನಂದು ಬಿಟ್ಟು ವಾಪಸ್ ಬಂದಿದೀನಿ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.”

 ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

“ಮೀಟಿಂಗಲ್ಲಿ ಹೇಳಿದ್ದು ನೀವೇ ಅಂತಾನೂ ಗೊತ್ತು. ಟೀ ಕೊಡೋರು ಕಿವಿ ಮುಚ್ಕೊಂಡು ಬರಲ್ವಲ್ಲ,” ಎಂದು ಹೇಳಿ, ನನಗಾಗಿ ಕಾಯದೆ ಮೆಟ್ಟಿಲು ಹತ್ತಿಹೋದರು. ಸಿಟ್ಟಿನಿಂದ ಹೇಳಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಟೀಗೆ ಸಕ್ಕರೆ ಕಡಿಮೆ ಎನ್ನುವ ದನಿಯಲ್ಲಿ ಹೇಳಿದ್ದರು.

ಸಂಜೆ ಹಾಳೆ ಬಿಡಿಸಿಕೊಂಡು ಕೂತೆ. ಇಲ್ಲಿ ನನ್ನ ಬಗ್ಗೆ ಒಳ್ಳೆಯದು ಹೇಳಿಕೊಳ್ಳುವ ಅವಕಾಶವಿದೆ, ಆದರೆ ನಿಜ ಹಾಗಿಲ್ಲ. ಆ ಹೊತ್ತಿನಲ್ಲೂ ನನ್ನಲ್ಲಿ ಇದ್ದದ್ದು ಅದೇ ಹೊಟ್ಟೆಕಿಚ್ಚು. ಆ ಕೋಣೆಯಲ್ಲಿ ಸರಿಯಾದದ್ದೆಲ್ಲ ಅವರದು ಎನ್ನುವುದು ಊರಿಗೇ ಗೊತ್ತು. ಈಗ ತಪ್ಪನ್ನೂ ಅವರ ಹೆಸರಿಗೇ ಬರೆದುಕೊಟ್ಟರೆ ನನ್ನದು ಎನ್ನುವುದಕ್ಕೆ ಅಲ್ಲಿ ಏನು ಉಳಿಯುತ್ತದೆ? ಒಂದು ಲಾರಿ ಬಟ್ಟೆ ಹಾಳುಮಾಡಿದ್ದೇನೆ, ಅದಾದರೂ ನನ್ನ ಲೆಕ್ಕದಲ್ಲಿರಲಿ. ಬರೆದೆ: ಹೆಲ್ಪರ್ ನಾಲ್ಕು ಗಂಟೆಯವರೆಗೆ ಕಾಯಲು ಹೇಳಿದ್ದರು, ನಾನು ಕಾಯಲಿಲ್ಲ. ಅವರು ಶೇಡನ್ನು ಹೊರಗಿನ ಬೆಳಕಿನಲ್ಲಿ ನೋಡುತ್ತಿದ್ದರು, ಅದನ್ನು ನಿಲ್ಲಿಸಿದ್ದು ನನ್ನ ದೂರು. ಸಹಿ ನನ್ನದು, ತಪ್ಪು ನನ್ನದು.

ಮ್ಯಾನೇಜರ್ ಓದಿ, ನನ್ನನ್ನು ಕಾಲಿಗೆ ಮೆತ್ತಿಕೊಂಡ ಕೆಸರು ನೋಡುವ ಹಾಗೆ ನೋಡಿದರು. ಪೆದ್ದ ಎಂದರು. ಹಾಳೆಯನ್ನು ಡ್ರಾಯರಿಗೆ ತಳ್ಳಿದರು. ಅವರಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಬೂದು ಬಣ್ಣ ಮತ್ತೆ ಆಗಬೇಕು, ಒಂದು ವಾರದಲ್ಲಿ. ಕಣ್ಣಕ್ಕನನ್ನು ಕರೆಸಿ, ಅಂಗಳಕ್ಕಾದರೂ ಹೋಗಿ, ಎಲ್ಲಿಗಾದರೂ ಹೋಗಿ, ಶೇಡ್ ಮಾಡಿಕೊಡಿ ಎಂದರು.

“ಅದು ಹೆಲ್ಪರ್ ಹೇಳೋದಲ್ಲ ಸಾರ್,” ಎಂದರು ಕಣ್ಣಕ್ಕ. “ರಿಜಿಸ್ಟರಲ್ಲಿ ನನ್ನ ಕೆಲಸ ಪಾತ್ರೆ ತೊಳೆಯೋದು, ತೂಕ ಮಾಡೋದು. ಅದನ್ನ ಮಾಡ್ತೀನಿ.”

ಮಾಡಿದರು ಕೂಡ. ಆ ಎರಡು ದಿನ ಹೊಳೆದಷ್ಟು ಪಾತ್ರೆಗಳು ಹೊಳೆದದ್ದನ್ನು ನಾನು ಕಂಡಿಲ್ಲ. ಶೇಡ್ ನೋಡುವ ಭಾರ ನನ್ನ ತಲೆಗೆ ಬಿತ್ತು. ಈಗ ಗುಟ್ಟು ಗೊತ್ತಲ್ಲ ಎಂದು ತುಂಡುಗಳನ್ನು ಹಿಡಿದು ಟ್ಯಾಂಕಿನ ಹಿಂದಕ್ಕೆ ಓಡಿದೆ. ವ್ಯತ್ಯಾಸ ಕಂಡಿತು. ಕಂಡು ಏನು ಮಾಡುವುದು? ಹಸಿರು ಹೊಡೆಯುತ್ತಿದೆ, ಸರಿ, ಅದಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು? ಕೆಂಪು ಹಾಕಿದೆ, ಬದನೆಕಾಯಿಯಾಯಿತು. ನೀಲಿ ತೆಗೆದೆ, ಮಣ್ಣಾಯಿತು. ಇಪ್ಪತ್ತಮೂರು ಸಲ ಕುದಿಸಿದೆ. ಪಾತ್ರೆ ತೊಳೆಯಲು ಕೊಟ್ಟಾಗಲೆಲ್ಲ ಕಣ್ಣಕ್ಕ ಒಳಗಿನ ತುಂಡನ್ನು ಒಮ್ಮೆ ನೋಡಿ ಪಾತ್ರೆ ಉಜ್ಜಲು ಶುರುಮಾಡುತ್ತಿದ್ದರು. ಆ ನೋಟದಲ್ಲೇ ಅವರಿಗೆ ಉತ್ತರ ಗೊತ್ತಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಬೆಳಕಿನ ಗುಟ್ಟು ಸಿಕ್ಕ ದಿನ ನನ್ನ ಹೊಟ್ಟೆಯುರಿ ತಣ್ಣಗಾದೀತು ಎಂದುಕೊಂಡಿದ್ದೆ. ಅದು ಹೊಸ ಸೌದೆ ಸಿಕ್ಕಿದ ಹಾಗೆ ಉರಿಯಿತು. ಬೆಳಕು ಯಾರಿಗಾದರೂ ಸಿಗುವಂಥದ್ದು. ಇವರಿಗೆ ಸಿಕ್ಕಿರುವುದು ಬೇರೆ ಏನೋ.

ಮೂರನೆಯ ದಿನ ಬೆಳಿಗ್ಗೆ ಗಿರಾಕಿ ಸ್ವತಃ ಬಂದು ಆಫೀಸಿನಲ್ಲಿ ಕೂತರು. ಮಧ್ಯಾಹ್ನಕ್ಕೆ ಕಣ್ಣಕ್ಕನ ಕೈಗೆ ಒಂದು ಪತ್ರ ಬಂತು. ಅವರು ಅದನ್ನು ಎರಡು ಸಲ ಓದಿ ಮ್ಯಾನೇಜರಿಗೆ ವಾಪಸ್ ಕೊಟ್ಟರಂತೆ. ‘ಹಿರಿಯ ಹೆಲ್ಪರ್’ ಎಂದಿತ್ತು. ಸಂಜೆ ಇನ್ನೊಂದು ಪತ್ರ ಬಂತು, ‘ಹಂಗಾಮಿ ಮಾಸ್ಟರ್’. ಹಂಗಾಮಿ ಅಂದ್ರೆ ಎಷ್ಟು ದಿನ ಸಾರ್, ತಾರೀಖು ಹಾಕಿಕೊಡಿ ಎಂದರಂತೆ. ಮಾರನೆಯ ಬೆಳಿಗ್ಗೆ ಮೂರನೆಯ ಪತ್ರದಲ್ಲಿ ಆ ಮಾತೂ ಹೋಗಿತ್ತು, ಮಾಸ್ಟರ್ ಎಂದಷ್ಟೇ ಇತ್ತು. ಹನ್ನೆರಡು ಗಂಟೆಗೆ ಬೂದು ಬಣ್ಣ ಕೂಡಿತು. ಕುದಿಸಿದ್ದು ಎರಡೇ ಸಲ.

ಆದರೆ ಕಣ್ಣಕ್ಕ ಕೇಳಿದರೂ ಟೋಕನ್ ಪದ್ಧತಿ ತೆಗೆಯಲು ಮ್ಯಾನೇಜರ್ ಒಪ್ಪಲಿಲ್ಲ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಮಾಸ್ಟರ್ ಆದದ್ದರಿಂದ ನೀವೊಬ್ಬರು ಟೋಕನ್ ಇಲ್ಲದೆ ಹೋಗಬಹುದು ಎಂದರಂತೆ. ಕಣ್ಣಕ್ಕ ವಾದ ಮಾಡಲಿಲ್ಲ. ಬಂದು ಮಾಸ್ಟರ್ ಕುರ್ಚಿಯಲ್ಲಿ ಕೂತು ಶೇಡ್ ರೂಮಿನ ನಿಯಮ ಬರೆದು ಗೋಡೆಗೆ ಅಂಟಿಸಿದರು: ಪ್ರತಿ ಶೇಡನ್ನೂ ಹೊರಗಿನ ಬೆಳಕಿನಲ್ಲಿ ಇಬ್ಬರು ನೋಡತಕ್ಕದ್ದು, ನೋಡಿದವರ ಹೆಸರನ್ನು ಸ್ಲಿಪ್ಪಿನ ಹಿಂದೆ ಬರೆಯತಕ್ಕದ್ದು. ದಿನಕ್ಕೆ ಹತ್ತು ಹನ್ನೆರಡು ಶೇಡ್. ಹೊರಗೆ ಹೋಗುವ ಇಬ್ಬರು ಸರದಿಯ ಮೇಲೆ. ಪ್ಯಾಕಿಂಗಿನವರನ್ನೂ, ‘ಹೊಸ ಕಣ್ಣು ಬೇಕಾಗುತ್ತೆ ಸಾರ್’ ಎಂದು ಸರದಿಗೆ ಸೇರಿಸಿಕೊಂಡರು. ಹೋದವರು ಎಷ್ಟು ನಿಮಿಷ ಬೆಳಕು ನೋಡಿದರು, ಎಷ್ಟು ನಿಮಿಷ ಟ್ಯಾಂಕಿನ ಆ ಕಡೆಗೆ ಹೋಗಿ ಬಂದರು ಎಂದು ಯಾರು ಕೇಳುವವರು? ಬಟ್ಟೆ ವಾಪಸ್ ಬಂದ ಭಯ ಮ್ಯಾನೇಜರಿಗೆ ಇನ್ನೂ ಇಳಿದಿರಲಿಲ್ಲ. ವಾಚ್‌ಮನ್ ಪುಸ್ತಕದಲ್ಲಿ ‘ಶೇಡ್ ನೋಡಲು’ ಎಂದು ಬರೆದೂ ಬರೆದೂ ಕೊನೆಗೆ ಬರೆಯುವುದನ್ನೇ ಬಿಟ್ಟ. ಗೋಡೆಯ ನಿಯಮವನ್ನು ನಾನು ನಾಲ್ಕು ಸಲ ಓದಿದೆ. ಡಿಪ್ಲೊಮಾ ಓದಿದವನು ನಾನು, ಇಂಥ ಒಂದು ವಾಕ್ಯ ನನಗೆ ಹೊಳೆಯಬಾರದಿತ್ತೇ ಎಂದು ಅದಕ್ಕೂ ಉರಿಯಿತು.

ನಾನು ಈಗ ಅವರ ಅಸಿಸ್ಟೆಂಟ್. ಈ ಸುದ್ದಿಯನ್ನು ಮನೆಯಲ್ಲಿ ಹದಿನೈದು ದಿನ ಮುಚ್ಚಿಟ್ಟಿದ್ದೆ. ಒಂದು ಭಾನುವಾರ ಅಮ್ಮ ಕ್ಯಾರೆಟ್ ತುರಿಯುತ್ತ ಕೂತಿದ್ದಾಗ ಹೇಳಿದೆ. ಯಾರ ಕೈಕೆಳಗೆ ಎಂದಳು. ಒಬ್ಬ ಹೆಂಗಸಿನ ಕೈಕೆಳಗೆ ಎಂದೆ. ಅಳುತ್ತಾಳೆ, ಇಲ್ಲವೇ ಮ್ಯಾನೇಜರನಿಗೆ ಶಾಪ ಹಾಕುತ್ತಾಳೆ ಎಂದು ಕಾದೆ.

“ಮದುವೆ ಆದ್ಮೇಲೂ ಕೆಲಸ ಬಿಡ್ಲಿಲ್ವಾ ಅವಳು?” ಎಂದಳು.

ಇಲ್ಲ ಎಂದೆ. ಅಮ್ಮ ತುರಿಮಣೆ ಪಕ್ಕಕ್ಕೆ ಸರಿಸಿದಳು. ಮದುವೆಗೆ ಮುಂಚೆ ಎರಡು ವರ್ಷ ತಾನೊಂದು ಕಂಪನಿಯಲ್ಲಿ ಟೈಪ್ ಮಾಡುತ್ತಿದ್ದೆ ಎಂದಳು. ನನಗೆ ಅದು ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದನಂತೆ, ಅವನ ಕಾಗದಗಳನ್ನೂ ಅಮ್ಮನೇ ಮಾಡಿಕೊಡುತ್ತಿದ್ದಳಂತೆ, ಅವನೇ ಹೆಡ್ ಕ್ಲರ್ಕ್ ಆದನಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಕಂಡದ್ದನ್ನು ನಾನು ಕೂಡಲೇ ಗುರುತು ಹಿಡಿದೆ. ನನ್ನದೇ ಮುಖ ಅದು, ತಿಂಗಳುಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೇನೆ. ಆದರೆ ಅವಳು ಉರಿದುಕೊಳ್ಳುತ್ತಿದ್ದದ್ದು ಆ ಹುಡುಗನ ಮೇಲಲ್ಲ, ಕಣ್ಣಕ್ಕನ ಮೇಲೆ.

“ಅವಳಿಗೆ ಬೇರೆ ಮೇಜಿದೆಯಾ?”

“ಇದೆ.”

“ಕುರ್ಚಿಗೆ ಕೈ ಇದೆಯಾ?”

“ಇದೆಯಮ್ಮ. ತಿರುಗುತ್ತೆ ಕೂಡ.”

“ತಿರುಗುತ್ತಾ,” ಎಂದಳು ಅಮ್ಮ. ತುರಿದ ಕ್ಯಾರೆಟ್ಟನ್ನು ನನ್ನ ತಟ್ಟೆಗೆ ಹಾಕುವುದನ್ನು ಮರೆತು ತಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಇನ್ನೇನೇನಿದೆ, ಒಂದೊಂದಾಗಿ ಹೇಳು ಎಂದಳು. ಹೇಳುತ್ತ ಹೋದೆ.